ರಕ್ತದ ಸಾಕ್ಷ್ಯ ಮತ್ತು ಕರುಳಿನ ಮಾಯುವಿಕೆ: ಒಂದು ಪರಾಮರ್ಶೆ

ರೋಗಿಯ ತೋಳಿನಿಂದ ಒಂದಿಷ್ಟು ರಕ್ತವನ್ನು ತೆಗೆದು, ಅದರಲ್ಲಿನ ಒಂದೆರಡು ದ್ರವ್ಯಗಳ ಪ್ರಮಾಣವನ್ನು ಅಳೆದು, ಅವನ ಕರುಳಿನ ಒಳಮೈಯಲ್ಲಿದ್ದ ಹುಣ್ಣುಗಳು ಮಾದಿವೆಯೆಂದು ಹೇಳಲು ನಮಗೆ ಎಷ್ಟರಮಟ್ಟಿಗೆ ಅಧಿಕಾರವಿದೆ? ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ ಇದು. ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ವೈದ್ಯ ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲಿಯೂ, ಕೆಲವು ವೇಳೆ ಬೋಧಕರ ಮಾತಿನಲ್ಲಿಯೂ, 'ಸಿ-ಪ್ರತಿಕ್ರಿಯಾ ಪ್ರೋಟೀನು ಸಹಜ ಮಟ್ಟದಲ್ಲಿದೆ. ಆದಕಾರಣ ಕರುಳು ಸ್ವಸ್ಥವಾಗಿದೆ' ಎಂಬ ಅನುಮಾನವಾಕ್ಯವನ್ನು ನಾವು ಅನೇಕ ಸಲ ಕಂಡಿದ್ದೇವೆ. ಈ ವಾಕ್ಯದಲ್ಲಿನ 'ಆದಕಾರಣ' ಎಂಬ ಪದವು ಹೊತ್ತಿರುವ ಭಾರವನ್ನು ಅದು ತಾಳಬಲ್ಲುದೆ ಎಂಬುದನ್ನು ತೂಗಿ ನೋಡುವುದೇ ನಮ್ಮ ಉದ್ದೇಶ.

ಮೊದಲು ವಿಷಯದ ಪರಿಚಯ. ಕರುಳಿನ ದೀರ್ಘಕಾಲಿಕ ಉರಿಯೂತ ರೋಗಗಳಲ್ಲಿ ಮುಖ್ಯವಾದುವು ಎರಡು. ದೊಡ್ಡ ಕರುಳಿನ ಒಳಪೊರೆಯನ್ನು ಮಾತ್ರ ಹಿಡಿದು, ಗುದನಾಳದಿಂದ ಮೇಲುಮೇಲಕ್ಕೆ ಹಬ್ಬುವ ಅಲ್ಸರೇಟಿವ್ ಕೊಲೈಟಿಸ್ ಒಂದು. ಅದಕ್ಕೆ ಈ ಹೆಸರು ಬಂದುದು ೧೮೫೯ರಲ್ಲಿ, ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್ ಅವರ ಬರಹದಿಂದ. ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ತಲೆದೋರಿ, ಕರುಳಿನ ಗೋಡೆಯ ಪೂರ್ತಿ ದಪ್ಪವನ್ನೂ ವ್ಯಾಪಿಸುವ ಕ್ರೋನ್ ರೋಗ ಇನ್ನೊಂದು. ಇದನ್ನು ೧೯೩೨ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು ವರ್ಣಿಸಿದರು. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಡಾಲ್‌ಝೀಲ್ ೧೯೧೩ರಲ್ಲಿಯೇ ಇಂಥ ರೋಗಿಗಳನ್ನು ಕುರಿತು ಬರೆದಿದ್ದರೂ ಹೆಸರು ಮಾತ್ರ ಕ್ರೋನ್ ಅವರಿಗೆ ಸಂದಿತು; ಮೂವರ ಹೆಸರುಗಳಲ್ಲಿ ಅಕಾರಾದಿಯಾಗಿ ಮೊದಲು ಬಂದುದು ಅವರದು! ಎರಡು ರೋಗಗಳೂ ಕೆರಳುತ್ತವೆ, ಶಮನಗೊಳ್ಳುತ್ತವೆ, ಮತ್ತೆ ಕೆರಳುತ್ತವೆ. ಶಮನದ ಕಾಲದಲ್ಲಿ ಕರುಳಿನೊಳಗೆ ಏನು ನಡೆಯುತ್ತಿದೆ ಎಂಬುದೇ ಎಲ್ಲ ಚರ್ಚೆಗೂ ಮೂಲ.

ಇಲ್ಲಿ ನಮ್ಮ ಭಾಷೆಯೇ ನಮಗೊಂದು ಉಪಕಾರವನ್ನು ಮಾಡಿದೆ. ಕನ್ನಡದಲ್ಲಿ ರೋಗ 'ಗುಣವಾಗುತ್ತದೆ', ಹುಣ್ಣು 'ಮಾಯುತ್ತದೆ'. ಜ್ವರವನ್ನು ಮಾದಿತೆಂದು ಯಾರೂ ಹೇಳುವುದಿಲ್ಲ. ಗುಣವಾಗುವುದು ರೋಗಿಗೆ ತಿಳಿಯುವ ಸಂಗತಿ. ಮಾಯುವುದು ಕಣ್ಣಿಗೆ ಕಾಣುವ ಸಂಗತಿ. ಹುಣ್ಣಿನ ಬಾಯಿ ಮುಚ್ಚಿತೇ, ಹೊಸ ಚರ್ಮ ಕೂಡಿತೇ ಎಂದು ನೋಡಿದವರು ಹೇಳಬೇಕು. ಮೇಲೆ ಮಾದು ಒಳಗೆ ಕೀವು ಕಟ್ಟಿದ ಹುಣ್ಣನ್ನು ನಮ್ಮ ಹಳ್ಳಿಯ ಅಜ್ಜಿಯರೂ ಬಲ್ಲರು, ಅದನ್ನು ಅವರು ನಂಬುವುದೂ ಇಲ್ಲ. ವೈದ್ಯಶಾಸ್ತ್ರವು ಈ ಭೇದವನ್ನು ಕರುಳಿನ ವಿಷಯದಲ್ಲಿ ಒಪ್ಪಿಕೊಳ್ಳಲು ಬಹುಕಾಲ ಹಿಡಿಯಿತು. ಒಪ್ಪಿಕೊಂಡ ಮೇಲೆಯೂ ಆಗಾಗ್ಗೆ ಮರೆಯುತ್ತದೆ.

ರಕ್ತವನ್ನು ಸಾಕ್ಷಿಗೆ ಕರೆಯುವ ಪದ್ಧತಿ ಹೊಸದಲ್ಲ. ಕೆಂಪು ಕಣಗಳು ನಳಿಕೆಯಲ್ಲಿ ತಳಕ್ಕೆ ಇಳಿಯುವ ವೇಗವನ್ನು ಅಳೆಯುವ ಪರೀಕ್ಷೆಯನ್ನು ಸ್ವೀಡನ್ನಿನ ಫಾರೇಯಸ್ ಮತ್ತು ವೆಸ್ಟರ್‌ಗ್ರೆನ್ ೧೯೨೦ರ ಆಸುಪಾಸಿನಲ್ಲಿ ರೂಢಿಗೆ ತಂದರು. ೧೯೫೫ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು ಕೊಲೈಟಿಸ್ ರೋಗಕ್ಕೆ ಕಾರ್ಟಿಸೋನಿನ ಪರಿಣಾಮವನ್ನು ಪರೀಕ್ಷಿಸಿದಾಗ, ರೋಗದ ತೀವ್ರತೆಯನ್ನು ನಿರ್ಣಯಿಸಲು ಮಲಪ್ರವೃತ್ತಿಯ ಸಂಖ್ಯೆ, ಜ್ವರ, ನಾಡಿಯ ವೇಗ, ಹಿಮೋಗ್ಲೋಬಿನ್ ಇವುಗಳೊಡನೆ ಈ ಇಳಿತದ ವೇಗವನ್ನೂ ಸೇರಿಸಿದರು; ಗಂಟೆಗೆ ೩೦ ಮಿಲಿಮೀಟರನ್ನು ಮೀರಿದರೆ ಅದು ತೀವ್ರತೆಯ ಒಂದು ಲಕ್ಷಣ. ಹಾಸಿಗೆ ಹಿಡಿದ ರೋಗಿಯ ಪ್ರಾಣಾಪಾಯವನ್ನು ಅಳೆಯುವುದಕ್ಕೆ ಇದು ಒಳ್ಳೆಯ ಮಾನದಂಡವೇ ಸರಿ; ಇಂದಿಗೂ ಉಪಯೋಗದಲ್ಲಿದೆ. ಆದರೆ ಅದೇ ಟ್ರೂಲವ್ ಅವರು ಮರುವರ್ಷ, ೧೯೫೬ರಲ್ಲಿ, ರಿಚರ್ಡ್ಸ್ ಅವರೊಡನೆ ಗುದನಾಳದ ಪೊರೆಯ ಚೂರುಗಳನ್ನು ಸೂಕ್ಷ್ಮದರ್ಶಕದಡಿ ಪರಿಶೀಲಿಸಿ ಪ್ರಕಟಿಸಿದುದನ್ನು ಮಾತ್ರ ಅಷ್ಟಾಗಿ ಯಾರೂ ಸ್ಮರಿಸುವುದಿಲ್ಲ. ಯಾವ ತೊಂದರೆಯೂ ಇಲ್ಲವೆನ್ನುತ್ತಿದ್ದ, ಕೊಳವೆಯಿಟ್ಟು ನೋಡಿದಾಗಲೂ ಪೊರೆ ಸಹಜವಾಗಿಯೇ ತೋರುತ್ತಿದ್ದ ರೋಗಿಗಳಲ್ಲಿಯೂ ಕೆಲವರಿಗೆ ಅಂಗಾಂಶದಲ್ಲಿ ಉರಿಯೂತ ಉಳಿದಿತ್ತು. ಪ್ರಶ್ನೆಯೂ ಅದರ ಉತ್ತರದ ಅರ್ಧವೂ ಆಗಲೇ ನಮ್ಮ ಮುಂದೆ ಬಂದಿದ್ದುವು.

ಸಿ-ಪ್ರತಿಕ್ರಿಯಾ ಪ್ರೋಟೀನಿನ ಕಥೆ ಬೇರೊಂದು ಕಡೆಯಿಂದ ಆರಂಭವಾಗುತ್ತದೆ. ೧೯೩೦ರಲ್ಲಿ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತರಸದಲ್ಲಿ, ಆ ರೋಗದ ಬ್ಯಾಕ್ಟೀರಿಯದ 'ಸಿ' ಎಂಬ ಅಂಶದೊಡನೆ ಕೂಡಿ ಗಷ್ಟುಗಟ್ಟುವ ಒಂದು ದ್ರವ್ಯವನ್ನು ಕಂಡರು. ಹೆಸರಿನಲ್ಲಿರುವ 'ಸಿ' ಅದೇ. ಅದಕ್ಕೂ ಕರುಳಿಗೂ ಹುಟ್ಟಿನಿಂದ ಯಾವ ನಂಟೂ ಇಲ್ಲ. ಈ ಪ್ರೋಟೀನನ್ನು ಮುಖ್ಯವಾಗಿ ತಯಾರಿಸುವುದು ಯಕೃತ್ತು. ಅದಕ್ಕೆ ಅಪ್ಪಣೆ ಕೊಡುವುದು ಉರಿಯೂತದ ಸ್ಥಳದಿಂದ ಹೊರಟು ರಕ್ತದಲ್ಲಿ ಬರುವ ಇಂಟರ್‌ಲ್ಯೂಕಿನ್-೬ ಎಂಬ ಸಂದೇಶದ್ರವ್ಯ. ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು ೧೯ ಗಂಟೆ. ಆದ್ದರಿಂದ ಅಪ್ಪಣೆ ನಿಂತರೆ ಕೆಲವೇ ದಿನಗಳಲ್ಲಿ ಅದರ ಮಟ್ಟ ಇಳಿಯುತ್ತದೆ. ಇದು ಅದರ ದೊಡ್ಡ ಗುಣ. ರಕ್ತಕಣಗಳ ಇಳಿತದ ವೇಗವಾದರೋ ರಕ್ತಹೀನತೆ, ವಯಸ್ಸು, ಗರ್ಭಾವಸ್ಥೆ ಎಲ್ಲದರಿಂದಲೂ ಏರುಪೇರಾಗುವುದಲ್ಲದೆ, ಬಹು ನಿಧಾನವಾಗಿ ಹಿಂದಿರುಗುತ್ತದೆ.

ಈ ಹಾದಿಯನ್ನು ಸ್ವಲ್ಪ ನಿಂತು ನೋಡಬೇಕು. ಕರುಳಿನ ಪೊರೆಯಲ್ಲಿ ಹುಣ್ಣು, ಅಲ್ಲಿಂದ ಸಂದೇಶ, ಸಂದೇಶ ಯಕೃತ್ತಿಗೆ ಮುಟ್ಟುವಷ್ಟು ಬಲವಾಗಿರಬೇಕು, ಯಕೃತ್ತು ಓಗೊಡಬೇಕು, ಓಗೊಟ್ಟುದನ್ನು ನಾವು ತೋಳಿನ ರಕ್ತದಲ್ಲಿ ಅಳೆಯಬೇಕು. ಪ್ರತಿಯೊಂದು ಹೆಜ್ಜೆಯಲ್ಲಿಯೂ ಸುದ್ದಿ ನಷ್ಟವಾಗಬಹುದು. ಪೊರೆಗಷ್ಟೇ ಸೀಮಿತವಾದ ಕೊಲೈಟಿಸ್ಸಿನಲ್ಲಿ ಯಕೃತ್ತು ಎಷ್ಟೋ ವೇಳೆ ಮಂದವಾಗಿಯೇ ಪ್ರತಿಕ್ರಿಯಿಸುತ್ತದೆ. ಕ್ರೋನ್ ರೋಗದಲ್ಲಿ ಹೆಚ್ಚು. ಅಲ್ಲಿಯೂ ಸಣ್ಣ ಕರುಳಿನ ತುದಿಯಲ್ಲಿ ಮಾತ್ರ ರೋಗವಿರುವವರಲ್ಲಿ ಕಡಿಮೆಯೆಂದು ಅನೇಕರು ಕಂಡಿದ್ದಾರೆ. ಇನ್ನು ಕೆಲವರಿಗೆ ಕರುಳು ಕಣ್ಣಿಗೆ ಕಾಣುವಷ್ಟು ಕೆಟ್ಟಿದ್ದರೂ ಈ ಪ್ರೋಟೀನು ಏರುವುದೇ ಇಲ್ಲ. ಅದರ ಜೀನಿನಲ್ಲಿಯೇ ಮನುಷ್ಯರಿಂದ ಮನುಷ್ಯರಿಗೆ ವ್ಯತ್ಯಾಸಗಳುಂಟು. ಹೀಗಿರುವಾಗ ಮೌನವನ್ನು ಆರೋಗ್ಯದ ಸಾಕ್ಷ್ಯವೆಂದು ಓದುವುದು, ದೂರು ಬಂದಿಲ್ಲವೆಂಬ ಕಾರಣದಿಂದ ಊರಿನಲ್ಲಿ ಕಳವೇ ಆಗಿಲ್ಲವೆಂದು ಅಮಲ್ದಾರರು ವರದಿ ಬರೆದಂತೆ.

ರೋಗಿಯ ಅನುಭವಕ್ಕೂ ಕರುಳಿನ ಸ್ಥಿತಿಗೂ ಇರುವ ಅಂತರವನ್ನು ನಿರ್ವಿವಾದವಾಗಿ ತೋರಿಸಿದುದು ೧೯೯೦ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಅಧ್ಯಯನ. ಮೊದಿಲ್ಯಾನಿ ಮತ್ತು ಸಹೋದ್ಯೋಗಿಗಳು ಕ್ರೋನ್ ರೋಗದ ೧೪೨ ಮಂದಿಗೆ ಪ್ರೆಡ್ನಿಸೊಲೋನನ್ನು ಕೊಟ್ಟರು. ಏಳು ವಾರಗಳೊಳಗಾಗಿ ನೂರಕ್ಕೆ ೯೨ ಮಂದಿಗೆ ಲಕ್ಷಣಗಳು ಶಮನವಾದುವು. ಆದರೆ ಹೀಗೆ ಶಮನ ಹೊಂದಿದವರಲ್ಲಿ ಅಂತರ್ದರ್ಶಕದಿಂದ ನೋಡಿದಾಗ ಕರುಳು ಸ್ವಸ್ಥವಾಗಿದ್ದುದು ನೂರಕ್ಕೆ ೨೯ ಮಂದಿಯಲ್ಲಿ ಮಾತ್ರ! ಆ ಕಾಲದಲ್ಲಿ ಎಲ್ಲೆಡೆಯೂ ಬಳಕೆಯಲ್ಲಿದ್ದ, ೧೯೭೬ರಲ್ಲಿ ರಚಿತವಾದ ಕ್ರೋನ್ ರೋಗದ ಚಟುವಟಿಕೆಯ ಸೂಚ್ಯಂಕಕ್ಕೂ ಅಂತರ್ದರ್ಶಕದ ನೋಟಕ್ಕೂ ಸಂಬಂಧವೇ ಕಾಣಲಿಲ್ಲ. ಆ ಸೂಚ್ಯಂಕದ ಎಂಟು ಅಂಶಗಳಲ್ಲಿ ರಕ್ತದಿಂದ ಬಂದುದು ಒಂದೇ, ಕೆಂಪು ಕಣಗಳ ಪ್ರಮಾಣ. ಉಳಿದುದರಲ್ಲಿ ಬಹುಪಾಲು ರೋಗಿಯ ಹೇಳಿಕೆ. ಹೇಳಿಕೆಯನ್ನು ನಂಬಲಾಗದೆಂದು ಸಿದ್ಧವಾದ ಮೇಲೆ, ಪ್ರತಿ ಸಲವೂ ಕರುಳನ್ನು ತೊಳೆದು ನಳಿಕೆಯನ್ನಿಟ್ಟು ನೋಡಲೂ ಆಗದಿದ್ದಾಗ, ಸಂಶೋಧಕರು ರಕ್ತದ ಕಡೆಗೂ ಮಲದ ಕಡೆಗೂ ತಿರುಗಿದುದು ಸಹಜವೇ. ಕೊಲೊನೋಸ್ಕೋಪಿಯ ಹಿಂದಿನ ರಾತ್ರಿ ಲೀಟರುಗಟ್ಟಲೆ ಭೇದಿಯ ದ್ರಾವಣವನ್ನು ಕುಡಿದವರಾರೂ ಈ ತಿರುಗಾಟವನ್ನು ಆಕ್ಷೇಪಿಸಲಾರರು.

ಈಗ ಲೆಕ್ಕಕ್ಕೆ ಬರೋಣ. ಲಕ್ಷಣಗಳುಳ್ಳ ರೋಗಿಗಳನ್ನು ಕುರಿತ ೧೯ ಅಧ್ಯಯನಗಳನ್ನು ಒಟ್ಟುಗೂಡಿಸಿ ಮೋಸ್ಲಿ ಮೊದಲಾದವರು ೧೯೧೫ರಲ್ಲಲ್ಲ, ಓದುಗರು ಅಚ್ಚರಿಪಡುವಷ್ಟು ತಡವಾಗಿ, ೨೦೧೫ರಲ್ಲಿ ಒಂದು ಸಮೀಕ್ಷೆಯನ್ನು ಪ್ರಕಟಿಸಿದರು. ಅಂತರ್ದರ್ಶಕದಲ್ಲಿ ರೋಗ ಕಂಡವರಲ್ಲಿ ಸಿ-ಪ್ರತಿಕ್ರಿಯಾ ಪ್ರೋಟೀನು ಏರಿದ್ದುದು ನೂರಕ್ಕೆ ೪೯ ಮಂದಿಯಲ್ಲಿ. ರೋಗ ಕಾಣದವರಲ್ಲಿ ಅದು ಏರದೆ ಉಳಿದುದು ನೂರಕ್ಕೆ ೯೨ ಮಂದಿಯಲ್ಲಿ. ವಿದ್ಯಾರ್ಥಿಗಳು ಈ ಎರಡು ಸಂಖ್ಯೆಗಳನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಅವುಗಳ ಅರ್ಥ ಹೊರಡುವುದು ರೋಗಿಗಳನ್ನು ಎಣಿಸಿದಾಗ. ಇನ್ನೂರು ಮಂದಿಯಿದ್ದಾರೆಂದೂ, ಅವರಲ್ಲಿ ಅರ್ಧದಷ್ಟು ಜನರಿಗೆ ಕರುಳಿನಲ್ಲಿ ರೋಗವಿದೆಯೆಂದೂ ಇಟ್ಟುಕೊಳ್ಳೋಣ. ರೋಗವಿರುವ ನೂರರಲ್ಲಿ ೪೯ ಮಂದಿಗೆ ಪ್ರೋಟೀನು ಏರುತ್ತದೆ, ೫೧ ಮಂದಿಗೆ ಏರುವುದಿಲ್ಲ. ರೋಗವಿಲ್ಲದ ನೂರರಲ್ಲಿ ೮ ಮಂದಿಗೆ ಏರುತ್ತದೆ, ೯೨ ಮಂದಿಗೆ ಏರುವುದಿಲ್ಲ. ಒಟ್ಟು ಏರಿದವರು ೫೭. ಅವರಲ್ಲಿ ೪೯ ಮಂದಿ ನಿಜವಾಗಿ ರೋಗಿಗಳು. ಸಾಕ್ಷ್ಯ ಗಟ್ಟಿಯೇ. ಏರದವರು ೧೪೩, ಅವರಲ್ಲಿ ೫೧ ಮಂದಿಗೆ, ಎಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ, ಕರುಳಿನಲ್ಲಿ ರೋಗ ಉಳಿದೇ ಇದೆ. 'ಏರಿದೆ, ಆದಕಾರಣ ರೋಗವಿದೆ' ಎಂಬ ವಾಕ್ಯ ಬಹುಮಟ್ಟಿಗೆ ನಿಲ್ಲುತ್ತದೆ. 'ಏರಿಲ್ಲ, ಆದಕಾರಣ ಕರುಳು ಸ್ವಸ್ಥ' ಎಂಬುದು ನಿಲ್ಲುವುದಿಲ್ಲ. ಒಂದೇ ಪರೀಕ್ಷೆ ಹೌದೆನ್ನುವಾಗ ಪ್ರಾಮಾಣಿಕ, ಅಲ್ಲವೆನ್ನುವಾಗ ಅಲ್ಲ. ಇದರಲ್ಲಿ ವಿರೋಧಾಭಾಸವೇನೂ ಇಲ್ಲ.

ಅದೇ ಸಮೀಕ್ಷೆಯಲ್ಲಿ ಮಲದಲ್ಲಿನ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿಗೆ ಈ ಸಂಖ್ಯೆಗಳು ೮೮ ಮತ್ತು ೭೩. ನಾರ್ವೆಯಲ್ಲಿ ಫಾಗರ್‌ಹೋಲ್ ಅವರು ೧೯೮೦ರಲ್ಲಿ ಗುರುತಿಸಿದ ಈ ದ್ರವ್ಯವು ಬಿಳಿಯ ರಕ್ತಕಣಗಳಲ್ಲಿ ಒಂದು ಬಗೆಯವಾದ ನ್ಯೂಟ್ರೋಫಿಲ್‌ಗಳೊಳಗೆ ಹೇರಳವಾಗಿದೆ. ಉರಿಯುವ ಪೊರೆಯಿಂದ ಆ ಕಣಗಳು ಕರುಳಿನೊಳಕ್ಕೆ ಸೋರಿದಾಗ ಮಲದಲ್ಲಿ ಕಾಣಿಸಿಕೊಳ್ಳುತ್ತದೆ. ಯಕೃತ್ತಿನ ಮಧ್ಯಸ್ಥಿಕೆ ಇಲ್ಲಿಲ್ಲ. ಮೇಲಣ ಇನ್ನೂರು ಮಂದಿಗೇ ಇದನ್ನು ಅನ್ವಯಿಸಿದರೆ, ಪರೀಕ್ಷೆ 'ಇಲ್ಲ'ವೆಂದ ೮೫ ಮಂದಿಯಲ್ಲಿ ರೋಗವುಳಿದವರು ೧೨. 'ಇದೆ'ಯೆಂದ ೧೧೫ ಮಂದಿಯಲ್ಲಿ ಸುಳ್ಳಾಗಿ ಸಿಕ್ಕಿಬಿದ್ದವರು ೨೭. ರಕ್ತ ಮಾತನಾಡದೆ ತಪ್ಪುತ್ತದೆ, ಮಲ ಹೆಚ್ಚು ಮಾತನಾಡಿ ತಪ್ಪುತ್ತದೆ. ಎರಡನ್ನೂ ಒಟ್ಟಿಗೆ ಕೇಳಿ ನಡೆದುಕೊಂಡರೆ ಫಲವುಂಟೆಂಬುದಕ್ಕೆ ೨೦೧೭ರಲ್ಲಿ ಪ್ರಕಟವಾದ 'ಕಾಮ್' ಎಂಬ ಪರೀಕ್ಷಾಪ್ರಯೋಗವೇ ಆಧಾರ. ಕ್ರೋನ್ ರೋಗದ ೨೪೪ ಮಂದಿಯನ್ನು ಸಮವಾಗಿ ಎರಡು ಪಂಗಡ ಮಾಡಿ, ಒಂದರಲ್ಲಿ ಲಕ್ಷಣಗಳನ್ನು ನೋಡಿಯೂ, ಇನ್ನೊಂದರಲ್ಲಿ ಲಕ್ಷಣಗಳೊಡನೆ ರಕ್ತ-ಮಲಗಳ ಸೂಚಕಗಳನ್ನು ನೋಡಿಯೂ ಔಷಧವನ್ನು ಏರಿಸುತ್ತ ಹೋದರು. ೪೮ ವಾರಗಳ ತರುವಾಯ ಪೊರೆ ಮಾದಿದ್ದುದು ಮೊದಲನೆಯದರಲ್ಲಿ ನೂರಕ್ಕೆ ೩೦, ಎರಡನೆಯದರಲ್ಲಿ ೪೬. ಲಾಭ ನಿಜ. ಆದರೆ ಸೂಚಕಗಳ ಬೆನ್ನುಹತ್ತಿ ನಡೆದ ಪಂಗಡದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮಾಯಲಿಲ್ಲ ಎಂಬುದೂ ಅದೇ ಕೋಷ್ಟಕದಲ್ಲಿದೆ.

ಒಂದು ಪ್ರೋಟೀನು ಸಾಲದೆಂದಮೇಲೆ ಹಲವನ್ನು ಕೂಡಿಸಿದರೆ? ಈ ಆಲೋಚನೆಯ ಫಲವಾಗಿ ರಕ್ತದ ೧೩ ಪ್ರೋಟೀನುಗಳನ್ನು ಅಳೆದು, ಗಣಿತದಿಂದ ಬೆಸೆದು, ೦ಯಿಂದ ೧೦೦ರವರೆಗಿನ ಒಂದೇ ಅಂಕವನ್ನು ಕೊಡುವ ಪರೀಕ್ಷೆಯೊಂದು ಕ್ರೋನ್ ರೋಗಕ್ಕೆ ಸಿದ್ಧವಾಯಿತು. ಅದರ ಮೌಲ್ಯಮಾಪನ ೨೦೨೦ರಲ್ಲಿ ಪ್ರಕಟವಾಯಿತು. ಆರಿಸಿಕೊಂಡ ಪ್ರೋಟೀನುಗಳಲ್ಲಿ ಯಕೃತ್ತಿನವು ಮಾತ್ರವಲ್ಲದೆ ಅಂಗಾಂಶವನ್ನು ಕರಗಿಸುವ ಕಿಣ್ವಗಳೂ, ಹೊಸ ರಕ್ತನಾಳಗಳನ್ನು ಬೆಳೆಸುವ ದ್ರವ್ಯಗಳೂ ಸೇರಿವೆ. ಹುಣ್ಣಾಗುವುದನ್ನಷ್ಟೇ ಅಲ್ಲದೆ ಮಾಯುವುದನ್ನೂ ಅಳೆಯಬೇಕೆಂಬ ಈ ವಿವೇಚನೆ ಮೆಚ್ಚತಕ್ಕದ್ದು. ಆದರೆ ಫಲಿತಾಂಶವನ್ನು ಓದುವಾಗ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಬೇಕು. ಮಾಯದ ಕರುಳಿನವನೊಬ್ಬನನ್ನೂ ಮಾದ ಕರುಳಿನವನೊಬ್ಬನನ್ನೂ ಚೀಟಿಯೆತ್ತಿ ಆರಿಸಿದರೆ, ಮೊದಲನೆಯವನಿಗೆ ಹೆಚ್ಚಿನ ಅಂಕ ಬರುವ ಸಂಭವ ಎಷ್ಟು ಎಂಬುದೇ ಇಲ್ಲಿನ ಅಳತೆ. ನಾಣ್ಯ ಚಿಮ್ಮಿದರೂ ೦.೫ ಬರುತ್ತದೆ. ರೋಗ ಹೊಸದಾಗಿದ್ದು ಜೈವಿಕ ಔಷಧಗಳನ್ನು ಹಿಂದೆ ಪಡೆಯದಿದ್ದವರ ಪಂಗಡದಲ್ಲಿ ಈ ಅಳತೆ ೦.೯೬, ರೋಗ ಹಳೆಯದಾಗಿ ಆ ಔಷಧಗಳನ್ನು ಕಂಡಿದ್ದವರ ಪಂಗಡದಲ್ಲಿ ೦.೬೯.

ಈ ಎರಡನ್ನು ಕೂಡಿಸಿ ಸರಾಸರಿ ಹೇಳುವವರು ಲೆಕ್ಕದಲ್ಲಿ ತಪ್ಪದಿದ್ದರೂ ವಿಮರ್ಶೆಯಲ್ಲಿ ತಪ್ಪುತ್ತಾರೆ. ೦.೯೬ ಮತ್ತು ೦.೬೯ ಒಂದೇ ಅಳತೆಗೋಲಿನ ಎರಡು ಓದುಗಳಲ್ಲ. ಎರಡು ಬಗೆಯ ಜನರಲ್ಲಿ ಆ ಗೋಲು ಎರಡು ಬೇರೆ ಗೋಲುಗಳಾಗಿ ವರ್ತಿಸಿದೆ. ಹಳೆಯ ರೋಗಿಯ ಕರುಳಿನಲ್ಲಿ ಕಲೆಗಟ್ಟಿದ ಭಾಗಗಳಿವೆ, ಕಿರಿದಾದ ಜಾಗಗಳಿವೆ, ಹಿಂದಿನ ಶಸ್ತ್ರಚಿಕಿತ್ಸೆಯ ಜೋಡಣೆಗಳಿರಬಹುದು, ದೇಹದಲ್ಲಿ ಔಷಧಗಳಿವೆ. ಅವನ ರಕ್ತ ಬೇರೆ ಭಾಷೆಯಲ್ಲಿ ಮಾತನಾಡುತ್ತದೆಯೆಂದರೆ ಆಶ್ಚರ್ಯವಲ್ಲ. ಆದರೆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ಮತ್ತೆ ಮತ್ತೆ ನೋಡಬೇಕಾಗಿ, ನಳಿಕೆಯ ಕಷ್ಟವನ್ನು ತಪ್ಪಿಸಬೇಕೆಂದು ನಮಗೆ ಅತ್ಯಂತ ಆಸೆಯಿರುವುದು ಇಂಥವನ ವಿಷಯದಲ್ಲಿಯೇ. ಪರೀಕ್ಷೆ ಎಲ್ಲಿ ಬೇಕೋ ಅಲ್ಲಿ ದುರ್ಬಲ, ಎಲ್ಲಿ ಹೇಗೂ ನಳಿಕೆಯಿಟ್ಟು ನೋಡುತ್ತೇವೆಯೋ ಅಲ್ಲಿ ಪ್ರಬಲ. ನಮ್ಮ ಮುಖ್ಯ ಆಕ್ಷೇಪ ಇದೇ. ಪರೀಕ್ಷೆಯ ಮೇಲೆ ಅಷ್ಟಲ್ಲ, ಅದರ ಮೊದಲ ಸಂಖ್ಯೆಯನ್ನು ಮಾತ್ರ ಉದಾಹರಿಸುವ ಅಭ್ಯಾಸದ ಮೇಲೆ.

ನ್ಯಾಯವಾಗಿ ಹೇಳಬೇಕಾದರೆ, ರಕ್ತವನ್ನು ಒರೆಹಚ್ಚುವ ಕಲ್ಲೂ ನಿರ್ದೋಷವಲ್ಲ. ಕೊಲೈಟಿಸ್ ಔಷಧವೊಂದರ ಪ್ರಯೋಗದಲ್ಲಿ, ಸ್ಥಳೀಯ ವೈದ್ಯರು ಅಂತರ್ದರ್ಶಕದಿಂದ ನೋಡಿ ಅರ್ಹರೆಂದು ಸೇರಿಸಿಕೊಂಡಿದ್ದವರಲ್ಲಿ ನೂರಕ್ಕೆ ೩೧ ಮಂದಿಯನ್ನು, ಅದೇ ಚಿತ್ರಗಳನ್ನು ದೂರದಲ್ಲಿ ಕುಳಿತು ನೋಡಿದ ಪರೀಕ್ಷಕರು ಅನರ್ಹರೆಂದರು; ಫೀಗನ್ ಮತ್ತು ಸಂಗಡಿಗರು ೨೦೧೩ರಲ್ಲಿ ಪ್ರಕಟಿಸಿದ ಸಂಗತಿಯಿದು. ಕಣ್ಣು ಕಣ್ಣಿಗೂ ವ್ಯತ್ಯಾಸ. ಇದಲ್ಲದೆ ಅಂತರ್ದರ್ಶಕ ಕಾಣುವುದು ಪೊರೆಯನ್ನು. ಕ್ರೋನ್ ರೋಗ ಗೋಡೆಯ ಪೂರ್ತಿ ದಪ್ಪದ ರೋಗ. ಪೊರೆ ಮಾದರೂ ಗೋಡೆಯೊಳಗೆ ಉರಿಯೂತ ಉಳಿಯಬಹುದು. ನಳಿಕೆ ತಲುಪದ ಸಣ್ಣ ಕರುಳಿನ ನಡುಭಾಗವಂತೂ ನೋಟಕ್ಕೇ ಹೊರಗು. ಆದಕಾರಣ ಪೊರೆ ಸ್ವಚ್ಛವಾಗಿದ್ದು ಪ್ರೋಟೀನು ಏರಿದ್ದರೆ ರಕ್ತವೇ ಸುಳ್ಳಾಡಿತೆಂದು ತಟ್ಟನೆ ತೀರ್ಮಾನಿಸುವುದು ಸಲ್ಲದು. ಎಂ.ಆರ್. ಚಿತ್ರಣದಿಂದಲೋ ಅಲ್ಟ್ರಾಸೌಂಡಿನಿಂದಲೋ ಗೋಡೆಯನ್ನು ನೋಡಬೇಕು.

ಇನ್ನೊಂದು ತೊಡಕನ್ನು ಹೊಸ ಔಷಧಗಳು ತಂದಿವೆ. ಇಂಟರ್‌ಲ್ಯೂಕಿನ್-೬ರ ಅಪ್ಪಣೆಯನ್ನು ಜೀವಕೋಶದೊಳಗೆ ಮುಂದಕ್ಕೆ ಒಯ್ಯುವ ಜಾಕ್ ಕಿಣ್ವಗಳನ್ನು ತಡೆಯುವ ಮಾತ್ರೆಗಳು ಈಗ ಬಳಕೆಯಲ್ಲಿವೆ. ಇವು ಕರುಳಿನಲ್ಲಿ ಮಾತ್ರವಲ್ಲದೆ ಯಕೃತ್ತಿನಲ್ಲಿಯೂ ಅದನ್ನು ತಡೆಯುತ್ತವೆ. ಆಗ ಸೂಚಕದ ಮಟ್ಟ ಇಳಿದುದು ಹುಣ್ಣು ಮಾದುದರಿಂದಲೋ, ಯಕೃತ್ತಿಗೆ ಅಪ್ಪಣೆ ಕೇಳಿಸದುದರಿಂದಲೋ? ಈ ಮಾತ್ರೆಗಳಲ್ಲೊಂದಾದ ಟೋಫಾಸಿಟಿನಿಬ್ ಔಷಧವನ್ನು ಕ್ರೋನ್ ರೋಗದಲ್ಲಿ ಪರೀಕ್ಷಿಸಿ ೨೦೧೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅತಿ ಹೆಚ್ಚಿನ ಪ್ರಮಾಣವನ್ನು ಪಡೆದವರಲ್ಲಿ ಸೂಚಕಗಳು ಇಳಿದುವು. ರೋಗಿಗಳಿಗೆ ಮಾತ್ರ ಹುಸಿಮಾತ್ರೆಗಿಂತ ಗಣನೀಯವಾದ ಲಾಭ ದೊರೆಯಲಿಲ್ಲ. ಜ್ವರಮಾಪಕವನ್ನು ತಣ್ಣೀರಿನಲ್ಲಿ ಅದ್ದಿ ಜ್ವರವಿಳಿಯಿತೆಂದಂತಾಗದಿರಲು, ರೋಗಿ ಯಾವ ಔಷಧದಲ್ಲಿದ್ದಾನೆಂದು ತಿಳಿಯದೆ ಅವನ ರಕ್ತದ ವರದಿಯನ್ನು ಓದಬಾರದು.

ನಮ್ಮ ದೇಶದ ಮಾತು ಬೇರೆಯೇ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವೆಡೆಯಲ್ಲಿ ಹುಣ್ಣು ಕಂಡರೆ ಇಲ್ಲಿ ಕ್ರೋನ್ ರೋಗವೋ ಕ್ಷಯವೋ ಎಂಬುದೇ ಮೊದಲ ಪ್ರಶ್ನೆ. ವೆಲ್ಲೂರಿನ ಪುಲಿಮೂಡ್ ಮೊದಲಾದವರು ಅಂಗಾಂಶದ ಚೂರುಗಳಲ್ಲಿ ಇವೆರಡನ್ನು ಬೇರ್ಪಡಿಸುವ ಲಕ್ಷಣಗಳನ್ನು ೧೯೯೯ರಲ್ಲಿ ವಿವರಿಸಿದರು. ಆದರೂ ಎಷ್ಟೋ ಮಂದಿಯಲ್ಲಿ ಸಂದೇಹ ಉಳಿಯುತ್ತದೆ. ರಕ್ತದ ಪ್ರೋಟೀನು ಎರಡರಲ್ಲಿಯೂ ಏರುವುದರಿಂದ ಅದು ಇಲ್ಲಿ ನಿರುಪಯುಕ್ತ ಸಾಕ್ಷಿ. ಕ್ಷಯಕ್ಕೆ ಔಷಧ ಕೊಟ್ಟು ನೋಡುವುದೇ ರೂಢಿಯಾಗಿದೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕ್ಷಯದ ಔಷಧದಿಂದ ತಮಗೆ ಹಿತವಾಯಿತೆಂದವರಲ್ಲಿ ಕೊನೆಗೆ ಕ್ರೋನ್ ರೋಗಿಗಳೆಂದು ಸಿದ್ಧವಾದವರೂ ಹಲವರಿದ್ದರು; ಆದರೆ ಹುಣ್ಣುಗಳು ಬೇಗನೆ ಮಾದುದು ಬಹುತೇಕ ಕ್ಷಯರೋಗಿಗಳಲ್ಲಿಯೇ. ಗುಣವಾಗುವುದಕ್ಕೂ ಮಾಯುವುದಕ್ಕೂ ಇರುವ ಭೇದವು ಇಲ್ಲಿ ರೋಗನಿರ್ಣಯವನ್ನೇ ಮಾಡುತ್ತದೆ. ರೋಗಿಯ 'ಸ್ವಲ್ಪ ವಾಸಿ' ಎಂಬ ಮಾತನ್ನೋ, ಇಳಿದ ರಕ್ತಸೂಚಕವನ್ನೋ ನೆಚ್ಚಿ ಎರಡು ಮೂರು ತಿಂಗಳಾದ ಮೇಲೆ ನಳಿಕೆಯಿಟ್ಟು ನೋಡದೆ ಬಿಟ್ಟರೆ, ಕ್ರೋನ್ ರೋಗಿಯು ಕ್ಷಯದ ಔಷಧವನ್ನು ನುಂಗುತ್ತಲೇ ಕರುಳು ಕಿರಿದಾಗುವ ಹಂತವನ್ನು ಮುಟ್ಟಬಹುದು. ಡೆಂಗ್ಯೂ, ವಿಷಮಶೀತ ಜ್ವರ, ಹಲ್ಲಿನ ಬೇರಿನ ಕೀವು ಇವೂ ಈ ಪ್ರೋಟೀನನ್ನು ಏರಿಸಬಲ್ಲುವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ರಕ್ತಪರೀಕ್ಷೆಯನ್ನು ಕೈಬಿಡಬೇಕೆ? ನಾವು ಹಾಗೆನ್ನುವುದಿಲ್ಲ. ೨೦೨೧ರ ಅಂತರರಾಷ್ಟ್ರೀಯ ತಜ್ಞರ ಶಿಫಾರಸು ಸೂಚಕಗಳು ಸಹಜಮಟ್ಟಕ್ಕೆ ಮರಳುವುದನ್ನು ನಡುದಾರಿಯ ಗುರಿಯೆಂದೂ, ಅಂತರ್ದರ್ಶಕದಲ್ಲಿ ಕಾಣುವ ಮಾಯುವಿಕೆಯನ್ನು ದೂರದ ಗುರಿಯೆಂದೂ ಇಟ್ಟಿದೆ; ಈ ಅಂತಸ್ತು ನಮಗೆ ಸಮ್ಮತ. ೨೦೨೩ರ ಅಮೆರಿಕದ ಮಾರ್ಗಸೂಚಿಗಳು ಲಕ್ಷಣಗಳಿಲ್ಲದ ರೋಗಿಯಲ್ಲಿ ಪ್ರೋಟೀನು ಲೀಟರಿಗೆ ೫ ಮಿಲಿಗ್ರಾಮಿಗಿಂತಲೂ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಗ್ರಾಮಿಗೆ ೧೫೦ ಮೈಕ್ರೋಗ್ರಾಮಿಗಿಂತಲೂ ಕಡಿಮೆಯಿದ್ದರೆ ನಳಿಕೆಯನ್ನು ಮುಂದೂಡಬಹುದೆನ್ನುತ್ತವೆ. ಅಲ್ಪಸ್ವಲ್ಪ ಲಕ್ಷಣಗಳಿದ್ದರೆ ಸೂಚಕಗಳನ್ನಷ್ಟೇ ನಂಬದೆ ನೋಡಿಯೇ ಬಿಡಬೇಕೆನ್ನುತ್ತವೆ. ಇಲ್ಲಿಯೂ ಗಮನಿಸಬೇಕಾದುದು 'ಲಕ್ಷಣಗಳಿಲ್ಲದ' ಎಂಬ ವಿಶೇಷಣ. ನಾವು ಮೇಲೆ ಎಣಿಸಿದ ಇನ್ನೂರು ಮಂದಿಯಲ್ಲಿ ಅರ್ಧ ಜನ ರೋಗಿಗಳಾಗಿದ್ದರು. ಲಕ್ಷಣಗಳೇ ಇಲ್ಲದವರಲ್ಲಿ ಆ ಪಾಲು ಕಡಿಮೆ, ಆದ್ದರಿಂದ ಪರೀಕ್ಷೆಯ 'ಇಲ್ಲ'ಕ್ಕೆ ಬೆಲೆ ಹೆಚ್ಚು.

ರಕ್ತದ ಸಾಕ್ಷ್ಯಕ್ಕೆ ನಿಜವಾದ ಬೆಲೆ ಬರುವುದು ಒಬ್ಬನೇ ರೋಗಿಯ ಹಿಂದಿನ ರಕ್ತದೊಡನೆ ಅವನ ಇಂದಿನ ರಕ್ತವನ್ನು ಹೋಲಿಸಿದಾಗ. ರೋಗ ಕೆರಳಿದ್ದಾಗ ಅವನ ಪ್ರೋಟೀನು ೪೦ಕ್ಕೇರಿದ್ದು, ಈಗ ೩ಕ್ಕಿಳಿದಿದ್ದರೆ ಆ ಇಳಿತಕ್ಕೆ ಅರ್ಥವಿದೆ. ರೋಗ ಕೆರಳಿದ್ದಾಗಲೂ ೩ ಇದ್ದವನಲ್ಲಿ ಈಗಿನ ೩ಕ್ಕೆ ಯಾವ ಅರ್ಥವೂ ಇಲ್ಲ. ಆದರೆ ಈ ಭೇದವನ್ನು ಮಾಡಬೇಕಾದರೆ ಮೊದಲ ಕೊಲೊನೋಸ್ಕೋಪಿಯ ದಿನವೇ, ಹುಣ್ಣು ಕಣ್ಣೆದುರಿಗಿರುವಾಗ, ರಕ್ತವನ್ನು ತೆಗೆದು ಅದರ ಅಳತೆಯನ್ನು ರೋಗಿಯ ಕಡತದ ಮೊದಲ ಪುಟದಲ್ಲಿ ಬರೆದಿಟ್ಟಿರಬೇಕು. ಈ ಒಂದು ಸಂಖ್ಯೆ ಇಲ್ಲದ ಕಡತಗಳೇ ಹೆಚ್ಚು.